ಹಿಮವಾಹನದ ಜಾಡು ಮತ್ತು ಉಪಗ್ರಹದ ಭೂಪಟ: ಇಗ್ಲೂಲಿಕ್ ಪ್ರದೇಶವನ್ನು ಕುರಿತು ಕೆಲವು ವಿಚಾರಗಳು

ದಾರಿಗಳ ಚರಿತ್ರೆಯನ್ನು ಬರೆಯಹೊರಟವರಿಗೆ ನಮ್ಮ ದೇಶದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಸಾಲುಮರ, ಅರವಟ್ಟಿಗೆ, ಸುಂಕದ ಕಟ್ಟೆ, ಘಟ್ಟದ ಮೆಟ್ಟಿಲು, ಬದಿಯ ಕಲ್ಲಿನ ಮೇಲಿನ ಶಾಸನ ಇವುಗಳಲ್ಲಿ ಯಾವುದಾದರೊಂದು ಉಳಿದೇ ಇರುತ್ತದೆ. ದಾರಿ ಹಾಳಾದರೂ ಅದರ ಗುರುತು ನೆಲದಲ್ಲಿ ನಿಂತಿರುತ್ತದೆ. ಆದರೆ ಪ್ರತಿವರ್ಷವೂ ಬೇಸಗೆಯಲ್ಲಿ ಸಂಪೂರ್ಣವಾಗಿ ಕರಗಿಹೋಗಿ, ಮರಳಿ ಚಳಿಗಾಲ ಬಂದೊಡನೆ ಅದೇ ಸ್ಥಳದಲ್ಲಿ ಮತ್ತೆ ಹುಟ್ಟುವ ದಾರಿಯ ಚರಿತ್ರೆಯನ್ನು ಯಾವ ಆಧಾರದಿಂದ ಬರೆಯಬೇಕು? ಉತ್ತರಧ್ರುವ ಪ್ರದೇಶದ ಇನುಯಿಟ್ ಜನರ ಹಿಮಜಾಡುಗಳನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ನಡೆದಿರುವ ಸಂಶೋಧನೆಯು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿದೆ. ಈಗ ಆ ಜಾಡುಗಳ ಮೇಲೆ ಓಡಾಡುತ್ತಿರುವುದು ಯಂತ್ರಚಾಲಿತ ಹಿಮವಾಹನ, ಅಂದರೆ ಸ್ನೋಮೊಬೈಲ್; ಅದರ ಸವಾರನ ಕೈಯಲ್ಲಿರುವುದು ಉಪಗ್ರಹಗಳಿಂದ ಸ್ಥಾನವನ್ನು ನಿರ್ಣಯಿಸುವ ಜಿಪಿಎಸ್ ಯಂತ್ರ. ಈ ಎರಡು ಉಪಕರಣಗಳು ಹಳೆಯ ಜಾಡಿನೊಡನೆ ಯಾವ ಸಂಬಂಧವನ್ನು ಕಟ್ಟಿಕೊಂಡವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಗ್ಲೂಲಿಕ್ ಎಂಬುದು ಕೆನಡಾ ದೇಶದ ನೂನವುತ್ ಪ್ರಾಂತದಲ್ಲಿ, ಮೆಲ್ವಿಲ್ ಪರ್ಯಾಯದ್ವೀಪಕ್ಕೂ ಬ್ಯಾಫಿನ್ ದ್ವೀಪಕ್ಕೂ ನಡುವೆ ಇರುವ ಒಂದು ಸಣ್ಣ ದ್ವೀಪ. ಅದರ ಅಕ್ಷಾಂಶ ಉತ್ತರ 69 ಡಿಗ್ರಿಗಿಂತ ಸ್ವಲ್ಪ ಮೇಲೆ. ನವೆಂಬರ್ ಕೊನೆಯಲ್ಲಿ ಮುಳುಗಿದ ಸೂರ್ಯನು ಜನವರಿಯ ನಡುಭಾಗದವರೆಗೆ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸುತ್ತಣ ಸಮುದ್ರವು ವರ್ಷದ ಹೆಚ್ಚು ಭಾಗ ಹೆಪ್ಪುಗಟ್ಟಿರುವುದರಿಂದ, ನಮಗೆ ಜಲಮಾರ್ಗವೆಂದು ತೋರುವುದೇ ಅವರಿಗೆ ನೆಲದ ಹಾದಿ. ಇಲ್ಲಿ ದಿಕ್ಸೂಚಿಯ ಸಹಾಯವೂ ಅಷ್ಟಕ್ಕಷ್ಟೆ. ಭೂಮಿಯ ಕಾಂತೀಯ ಉತ್ತರಧ್ರುವವನ್ನು ಜೇಮ್ಸ್ ಕ್ಲಾರ್ಕ್ ರಾಸ್ 1831ರ ಜೂನ್ 1ರಂದು ಗುರುತಿಸಿದ್ದು ಇಗ್ಲೂಲಿಕ್‌ಗೆ ಪಶ್ಚಿಮದ ಬೂತಿಯಾ ಪರ್ಯಾಯದ್ವೀಪದಲ್ಲಿ. ಆ ಬಿಂದುವು ಅನಂತರ ಉತ್ತರಕ್ಕೆ ಸರಿದು ಈಗ ಸೈಬೀರಿಯದ ಕಡೆಗೆ ಸಾಗಿದೆಯಾದರೂ, ಇಪ್ಪತ್ತನೆಯ ಶತಮಾನವೆಲ್ಲ ಆ ಸೀಮೆಯಲ್ಲಿ ದಿಕ್ಸೂಚಿಯ ಮುಳ್ಳು ನಂಬಲರ್ಹವಾಗಿರಲಿಲ್ಲ. ನೆಲದ ಮೇಲಾದರೂ ಇನುಕ್ಶುಕ್ ಎಂಬ ಕಲ್ಲುಗುಪ್ಪೆಗಳು ಅಲ್ಲಲ್ಲಿ ಗುರುತಿಗೆ ಉಂಟು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಅದೂ ಇಲ್ಲ.

ಹೀಗಿದ್ದರೂ ಆ ಜನ ದಾರಿ ತಪ್ಪದೆ ನೂರಾರು ಮೈಲಿ ಪ್ರಯಾಣ ಮಾಡುತ್ತಿದ್ದರು. ಅವರ ಮುಖ್ಯ ಆಧಾರ ಗಾಳಿ. ವಾಯವ್ಯದಿಂದ ಬೀಸುವ ಪ್ರಬಲವಾದ ಗಾಳಿಗೆ ಉವಾಂಗ್ನಕ್ ಎಂದು ಹೆಸರು. ಈ ಗಾಳಿಯು ಹಿಮವನ್ನು ಕೊರೆದು ನಾಲಿಗೆಯ ಆಕಾರದ ದಿಣ್ಣೆಗಳನ್ನು ಮಾಡುತ್ತದೆ; ಅವು ಗಟ್ಟಿಯಾದ ಮೇಲೆ ಬೇರೆ ಗಾಳಿಗೆ ಸುಲಭವಾಗಿ ಅಳಿಸಿಹೋಗುವುದಿಲ್ಲ. ಉಕಲುರೈತ್ ಎಂದು ಕರೆಯಲ್ಪಡುವ ಈ ದಿಣ್ಣೆಗಳನ್ನು ಯಾವ ಕೋನದಲ್ಲಿ ದಾಟುತ್ತಿದ್ದೇವೆಂಬುದನ್ನು ಅರಿತಿದ್ದರೆ, ಕತ್ತಲೆಯಲ್ಲಿಯೂ ಮಂಜಿನಲ್ಲಿಯೂ ಕಾಲಿನ ಸ್ಪರ್ಶದಿಂದಲೇ ದಿಕ್ಕನ್ನು ಕಾಪಾಡಿಕೊಳ್ಳಬಹುದು. ಇದರೊಡನೆ ನಕ್ಷತ್ರಗಳ ಜ್ಞಾನ, ಉಬ್ಬರವಿಳಿತದ ಪ್ರವಾಹಗಳ ಜ್ಞಾನ, ದಿಗಂತದಲ್ಲಿ ಕಾಣುವ ಗುಡ್ಡಗಳ ಹೆಸರುಗಳು ಇವೆಲ್ಲವೂ ಸೇರಿದುವು. 1998ರಲ್ಲಿ ಪ್ರಕಟವಾದ ಜಾನ್ ಮ್ಯಾಕ್‌ಡೊನಾಲ್ಡ್ ಅವರ ‘ದಿ ಆರ್ಕ್ಟಿಕ್ ಸ್ಕೈ’ ಎಂಬ ಗ್ರಂಥವು ಈ ಜ್ಞಾನವನ್ನು ಇಗ್ಲೂಲಿಕ್ ಹಿರಿಯರ ಬಾಯಿಂದ ಕೇಳಿ ಬರೆದುದು. ಅಲ್ಲಿನ ಮೌಖಿಕ ಚರಿತ್ರೆಯ ಸಂಗ್ರಹಕಾರ್ಯವು 1986ರಷ್ಟು ಹಿಂದೆಯೇ ಆರಂಭವಾಗಿದ್ದಿತು. ಈ ಸಂಗ್ರಹ ಹತ್ತು ಹದಿನೈದು ವರ್ಷ ತಡವಾಗಿದ್ದರೆ ನಮ್ಮ ಈಗಿನ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲವೆಂದು ಹೇಳಬಹುದು.

ಇನ್ನು ಭೂಪಟದ ವಿಷಯ. ಆ ಜನರಲ್ಲಿ ಭೂಪಟವಿರಲಿಲ್ಲ, ಉಪಗ್ರಹ ಬಂದ ಮೇಲೆ ಅದು ದೊರೆಯಿತು ಎಂಬ ಸಾಮಾನ್ಯ ಭಾವನೆ ಸರಿಯಲ್ಲ. 1821ರಿಂದ 1823ರವರೆಗೆ ವಿಲಿಯಂ ಎಡ್ವರ್ಡ್ ಪ್ಯಾರಿ ಎಂಬ ಇಂಗ್ಲಿಷ್ ನಾವಿಕನು ‘ಫ್ಯೂರಿ’ ಮತ್ತು ‘ಹೆಕ್ಲಾ’ ಎಂಬ ಎರಡು ಹಡಗುಗಳೊಡನೆ ವಾಯವ್ಯ ಜಲಮಾರ್ಗವನ್ನು ಹುಡುಕುತ್ತ ಈ ಭಾಗಕ್ಕೆ ಬಂದಿದ್ದನು. ಮೊದಲನೆಯ ಚಳಿಗಾಲವನ್ನು ಅವನು ವಿಂಟರ್ ಐಲೆಂಡ್ ಎಂಬಲ್ಲಿ ಕಳೆದನು. ಅಲ್ಲಿ ಇಲಿಗ್ಲಿಯುಕ್ ಎಂಬ ಇನುಯಿಟ್ ಸ್ತ್ರೀಯು ಅವನು ಕೊಟ್ಟ ಕಾಗದದ ಮೇಲೆ, ಅವನು ಕಂಡಿರದ ಉತ್ತರದ ತೀರವನ್ನು ಎಳೆದು ತೋರಿಸಿದಳು. ತೀರವು ಪಶ್ಚಿಮಕ್ಕೆ ತಿರುಗಿ ಮತ್ತೊಂದು ಸಮುದ್ರವನ್ನು ಮುಟ್ಟುವುದೆಂಬುದೂ ಅದರಲ್ಲಿತ್ತು. 1822ರ ಬೇಸಗೆಯಲ್ಲಿ ಹಡಗುಗಳು ಆ ನಕ್ಷೆಯನ್ನು ನಂಬಿ ಉತ್ತರಕ್ಕೆ ಹೋದುವು, ಜಲಸಂಧಿಯೂ ಆಕೆ ಹೇಳಿದ ಕಡೆಯಲ್ಲಿಯೇ ದೊರೆಯಿತು. ಹಿಮಗಡ್ಡೆಯ ದೆಸೆಯಿಂದ ದಾಟಲಾಗಲಿಲ್ಲವಷ್ಟೆ. ಎರಡನೆಯ ಚಳಿಗಾಲವನ್ನು ಪ್ಯಾರಿಯು ಇಗ್ಲೂಲಿಕ್‌ನಲ್ಲಿಯೇ ಕಳೆದನು. ಆ ಜಲಸಂಧಿಗೆ ಎರಡು ಹಡಗುಗಳ ಹೆಸರನ್ನಿಟ್ಟರು. ದಾರಿಯನ್ನು ತೋರಿಸಿದವಳ ಹೆಸರು ಪ್ರವಾಸಕಥನದಲ್ಲಿ ಉಳಿಯಿತು, ಜಲಸಂಧಿಗೆ ಬರಲಿಲ್ಲ. ‘ಕಂಡುಹಿಡಿದರು’ ಎಂಬ ಕ್ರಿಯಾಪದವನ್ನು ನಮ್ಮ ಪಠ್ಯಪುಸ್ತಕಗಳು ಎಷ್ಟು ಉದಾರವಾಗಿ ಬಳಸುತ್ತವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಯೋಚಿಸಬಹುದು.

ಈ ಘಟನೆಯಿಂದ ಮತ್ತೊಂದು ಅಂಶವೂ ತಿಳಿದುಬರುತ್ತದೆ. ಇನುಯಿಟ್ ಜನರಿಗೆ ಭೂಪಟವನ್ನು ಬರೆಯುವ ಶಕ್ತಿ ಇತ್ತು. ಆದರೆ ಅದನ್ನು ಕಾಪಾಡಿ ಇಟ್ಟುಕೊಳ್ಳುವ ಅಗತ್ಯವಿರಲಿಲ್ಲ. ದೂರವನ್ನು ಅವರು ಎಷ್ಟು ರಾತ್ರಿಗಳ ನಿದ್ರೆಯ ಪ್ರಯಾಣವೆಂದು ಎಣಿಸುತ್ತಿದ್ದರು. ಸ್ಥಳನಾಮಗಳ ಸಾಲನ್ನು ಕ್ರಮವಾಗಿ ಹೇಳಿದರೆ ಅದೇ ದಾರಿಯ ವಿವರಣೆ. 1883–84ರಲ್ಲಿ ಬ್ಯಾಫಿನ್ ದ್ವೀಪದಲ್ಲಿದ್ದ ಫ್ರಾಂಜ್ ಬೋವಾಸ್, 1921–24ರ ಐದನೆಯ ಥೂಲೆ ಯಾತ್ರೆಯಲ್ಲಿ ಬಂದ ತೆರ್ಕೆಲ್ ಮಾತಿಯಾಸ್ಸೆನ್ ಮೊದಲಾದವರು ಇಂಥ ವಿವರಣೆಗಳನ್ನು ಕಾಗದಕ್ಕೆ ಇಳಿಸಿದರು. ಕರಗುವ ದಾರಿಗೆ ಲಿಖಿತಾಧಾರ ಒದಗಿದ್ದು ಹೀಗೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕ್ಲಾಡಿಯೊ ಅಪೋರ್ಟಾ ಎಂಬ ಮಾನವಶಾಸ್ತ್ರಜ್ಞರು ಇಗ್ಲೂಲಿಕ್ ಬೇಟೆಗಾರರೊಡನೆ ಪ್ರಯಾಣ ಮಾಡಿ, ಜಾಡುಗಳನ್ನು ಜಿಪಿಎಸ್ ಯಂತ್ರದಲ್ಲಿ ದಾಖಲಿಸಿಕೊಂಡು, ಹಿಂದಿನ ಯಾತ್ರಿಕರ ನಕ್ಷೆಗಳೊಡನೆ ಹೋಲಿಸಿ ನೋಡಿದರು. ಎಷ್ಟೋ ಮುಖ್ಯ ಜಾಡುಗಳು ತಲೆಮಾರುಗಳಿಂದ ಅಲ್ಲಿಯೇ ಹಾದುಹೋಗುತ್ತಿರುವುದು ಕಂಡುಬಂದಿತು. ಪ್ರತಿವರ್ಷವೂ ಇಲ್ಲವಾಗುವ ದಾರಿ ಮನುಷ್ಯರ ನೆನಪಿನಲ್ಲಿ ಇಷ್ಟು ನಿಖರವಾಗಿ ನಿಂತಿದ್ದಿತು.

ಈಗ ವಾಹನದ ಚರಿತ್ರೆಗೆ ಬರೋಣ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಗ್ರಾಮದಲ್ಲಿ ಹುಟ್ಟಿದ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬುವನು ತನ್ನ ಹದಿನೈದನೆಯ ವಯಸ್ಸಿನಲ್ಲಿಯೇ, 1922ರಲ್ಲಿ, ಹಳೆಯ ಮೋಟಾರಿನ ಎಂಜಿನನ್ನು ಹೂಡಿ ಹಿಮದ ಮೇಲೆ ಓಡುವ ಗಾಡಿಯೊಂದನ್ನು ಮಾಡಿದ್ದನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗು ಕಾಯಿಲೆಬಿದ್ದಿತು. ದಾರಿ ಹಿಮದಿಂದ ಮುಚ್ಚಿದ್ದುದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಲ್ಲುಚಕ್ರದಿಂದ ತಿರುಗುವ ಪಟ್ಟಿಯನ್ನು ಅಳವಡಿಸುವ ಅವನ ವಿಧಾನಕ್ಕೆ 1937ರಲ್ಲಿ ಹಕ್ಕುಪತ್ರ ದೊರೆಯಿತು. ಮೊದಲಿನ ಗಾಡಿಗಳು ಹಲವು ಮಂದಿ ಕುಳಿತುಕೊಳ್ಳುವಂಥ ದೊಡ್ಡ ಗಾಡಿಗಳು; 1948ರಲ್ಲಿ ಕ್ವಿಬೆಕ್ ಸರ್ಕಾರವು ಹಳ್ಳಿಯ ರಸ್ತೆಗಳ ಹಿಮವನ್ನು ತೆಗೆಸಲು ನಿಶ್ಚಯಿಸಿದ್ದರಿಂದ ಅವುಗಳ ಮಾರಾಟ ಕುಸಿಯಿತು. ಒಬ್ಬಿಬ್ಬರು ಸವಾರಿ ಮಾಡಬಲ್ಲ ಹಗುರವಾದ ‘ಸ್ಕೀ-ಡೂ’ ಯಂತ್ರವು 1959ರಲ್ಲಿ ಹೊರಬಂದಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1920ರ ದಶಕದಲ್ಲಿಯೂ, ಮಿನಿಸೋಟದಲ್ಲಿ ಎಡ್ಗರ್ ಹೆಟೀನ್ 1950ರ ದಶಕದಲ್ಲಿಯೂ ಇದೇ ಮಾರ್ಗದಲ್ಲಿ ಕೆಲಸಮಾಡಿದ್ದರು. ಯಾರು ಮೊದಲಿಗರೆಂಬ ವಾದ ನಮಗೆ ಮುಖ್ಯವಲ್ಲ.

ದಾರಿ ಹುಡುಕುವ ದೃಷ್ಟಿಯಿಂದ ಮುಖ್ಯವಾದುದು 1968ರ ಒಂದು ಯಾತ್ರೆ. ಮಿನಿಸೋಟದ ರಾಲ್ಫ್ ಪ್ಲೇಸ್ಟೆಡ್ ಎಂಬ ವಿಮಾವ್ಯಾಪಾರಿಯು ಮೂವರು ಸಂಗಡಿಗರೊಡನೆ ಹಿಮವಾಹನಗಳ ಮೇಲೆ ಹೊರಟು, ಆ ವರ್ಷದ ಏಪ್ರಿಲ್ 19ರಂದು ಉತ್ತರಧ್ರುವವನ್ನು ತಲುಪಿದನು. ಪಥನಿರ್ಣಯ ಮಾಡುತ್ತಿದ್ದ ಜೆರಿ ಪಿಟ್ಸ್ಲ್ ಬಳಸಿದ್ದು ಸೆಕ್ಸ್ಟೆಂಟ್, ಗಡಿಯಾರ ಮತ್ತು ಸೂರ್ಯ. ಅವರು ನಿಂತ ಸ್ಥಳವನ್ನು ಅಮೆರಿಕದ ವಾಯುಸೇನೆಯ ವಿಮಾನವು ಮೇಲಿನಿಂದ ದೃಢಪಡಿಸಿತು. ಯಂತ್ರದ ವೇಗವು ಇಪ್ಪತ್ತನೆಯ ಶತಮಾನದ್ದಾಗಿದ್ದರೂ ದಿಕ್ಕಿನ ವಿದ್ಯೆ ಹದಿನೆಂಟನೆಯ ಶತಮಾನದ್ದು. ವಾಹನವು ಮುಂದೆ ಓಡಿತು, ಭೂಪಟವು ಹಿಂದೆ ಉಳಿಯಿತು. ಈ ಅಂತರವು ಮುಂದಿನ ಮೂವತ್ತು ವರ್ಷಗಳ ಚರಿತ್ರೆಯನ್ನು ತಿಳಿಯುವುದಕ್ಕೆ ಸಹಾಯಕವಾಗುತ್ತದೆಂದು ನಾವು ಭಾವಿಸುತ್ತೇವೆ.

ಇಗ್ಲೂಲಿಕ್ ಪ್ರದೇಶಕ್ಕೆ ಹಿಮವಾಹನ ಬಂದುದು 1960ರ ದಶಕದಲ್ಲಿ. ಅದಕ್ಕೆ ಮೊದಲು ನಾಯಿಗಳು ಎಳೆಯುವ ಜಾರುಬಂಡಿಯೇ ಸಾಧನ. ನಾಯಿಬಂಡಿಯು ಕೇವಲ ವಾಹನವಾಗಿರಲಿಲ್ಲ. ಹಿಮದ ಬಿರುಗಾಳಿಯಲ್ಲಿ ಹಳೆಯ ಜಾಡನ್ನು ಮೂಸಿ ಮನೆಯ ಕಡೆಗೆ ನಡೆಸುವ ಬುದ್ಧಿ, ತೆಳುವಾದ ಮಂಜುಗಡ್ಡೆಯ ಮುಂದೆ ಹಿಂಜರಿಯುವ ಎಚ್ಚರ, ಇವು ನಾಯಿಗಳಿಗಿದ್ದುವು. ಬಂಡಿ ನಿಧಾನವಾಗಿ ಸಾಗುತ್ತಿದ್ದುದರಿಂದ ಅದರ ಮೇಲೆ ಕುಳಿತ ಬಾಲಕನು ತಂದೆಯ ಬಾಯಿಂದ ಪ್ರತಿಯೊಂದು ಗುಡ್ಡದ ಹೆಸರನ್ನೂ ಕೇಳಿಕೊಳ್ಳುತ್ತ ಹೋಗುವುದು ಸಾಧ್ಯವಾಗಿತ್ತು. ಹಿಮವಾಹನದ ಎಂಜಿನಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಸಂಗಡಿಗನು ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ, ಹಾರುವ ಹಿಮಕ್ಕೆ ಬೆನ್ನುಮಾಡಿ ಕುಳಿತಿರಬೇಕಾಗುತ್ತದೆ. ಎಂಜಿನ್ ಕೆಟ್ಟರೆ ಅದು ಮನೆಯ ದಾರಿಯನ್ನು ತೋರಿಸುವುದಿಲ್ಲ.

ಹಾಗಾದರೆ ಜನರು ನಾಯಿಗಳನ್ನು ಬಿಟ್ಟದ್ದು ಯಂತ್ರದ ಮೋಹದಿಂದಲೇ? ಈ ಪ್ರಶ್ನೆಗೆ ಸುಲಭವಾದ ಉತ್ತರವನ್ನು ಕೊಡುವುದು ನ್ಯಾಯವಾಗದು. 1950ರ ದಶಕದಿಂದ ಕೆನಡಾ ಸರ್ಕಾರವು ಚದುರಿದ್ದ ಬೇಟೆಯ ಕುಟುಂಬಗಳನ್ನು ಶಾಲೆ ಆಸ್ಪತ್ರೆಗಳಿದ್ದ ನೆಲೆಗಳಿಗೆ ಕರೆತಂದು ಕೂಡಿಸಿತು. ಬ್ಯಾಫಿನ್ ಸೀಮೆಯಲ್ಲಿ ಪೋಲೀಸರೂ ಇತರ ಅಧಿಕಾರಿಗಳೂ ನೆಲೆಗಳಲ್ಲಿ ಕಟ್ಟದೆ ಬಿಟ್ಟ ಬಂಡಿನಾಯಿಗಳನ್ನು ಕೊಲ್ಲಿಸಿದರು. 2007ರಿಂದ 2010ರವರೆಗೆ ನಡೆದ ಕಿಕಿಕ್ತಾನಿ ಸತ್ಯಶೋಧನಾ ಆಯೋಗವು ಈ ಸಂಗತಿಗಳನ್ನು ಜನರ ಸಾಕ್ಷ್ಯದಿಂದ ಪರಿಶೀಲಿಸಿತು. 2019ರ ಆಗಸ್ಟ್ ತಿಂಗಳಿನಲ್ಲಿ ಕೆನಡಾ ಸರ್ಕಾರವು ಕ್ಷಮೆಯನ್ನು ಯಾಚಿಸಿತು. ಊರಿನಲ್ಲಿ ನೆಲೆಸಿದವನಿಗೆ ಬೇಟೆಯ ಭೂಮಿ ದೂರವಾಯಿತು, ನಾಯಿಗಳು ಇಲ್ಲವಾದುವು. ಆ ದೂರವನ್ನು ಬೇಗ ದಾಟಿಸುವ ಯಂತ್ರವನ್ನು ಅವನು ಕೊಂಡನು. ಮಕ್ಕಳು ಹಗಲೆಲ್ಲ ಶಾಲೆಯಲ್ಲಿದ್ದುದರಿಂದ ಜಾಡಿನ ಪಾಠಕ್ಕೆ ಬಿಡುವಿರಲಿಲ್ಲ. ಆದುದರಿಂದ ಜ್ಞಾನದ ಸರಪಣಿಯಲ್ಲಿ ಬಿರುಕು ಬಿಟ್ಟುದು ಉಪಗ್ರಹದ ಕಾಲದಲ್ಲಲ್ಲ, ಅದಕ್ಕೆ ಒಂದು ತಲೆಮಾರು ಹಿಂದೆಯೇ ಎಂಬುದು ನಮ್ಮ ಅಭಿಪ್ರಾಯ.

ಫಿನ್ಲೆಂಡಿನ ಉತ್ತರಭಾಗದ ಸ್ಕೋಲ್ಟ್ ಸಾಮಿ ಜನರಲ್ಲಿಯೂ ಹಿಮವಾಹನವು 1960ರ ದಶಕದ ಆರಂಭದಲ್ಲಿಯೇ ಬಂದಿತು. ಪೆರ್ಟ್ಟಿ ಪೆಲ್ಟೊ ಎಂಬ ವಿದ್ವಾಂಸರು 1973ರ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ಯಂತ್ರವನ್ನೂ ಪೆಟ್ರೋಲನ್ನೂ ಕೊಳ್ಳಲಾರದ ಅನೇಕ ಕುಟುಂಬಗಳು ಕೆಲವೇ ವರ್ಷಗಳಲ್ಲಿ ಹಿಮಸಾರಂಗಗಳ ಸಾಕಣೆಯಿಂದಲೇ ಹೊರಬೀಳಬೇಕಾಯಿತು. ಅಲ್ಲಿ ಸಮಾನತೆ ಹೋಯಿತು. ಇಗ್ಲೂಲಿಕ್‌ನಲ್ಲಿ ಮೊದಲು ಸಡಿಲಿದ್ದು ಕಲಿಕೆ.

ಉಪಗ್ರಹದಿಂದ ಸ್ಥಾನವನ್ನು ಅಳೆಯುವ ವಿಚಾರವು 1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದಾಗ ಹುಟ್ಟಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿದ್ದ ವಿಜ್ಞಾನಿಗಳು ಅದರ ರೇಡಿಯೋ ಸಂಜ್ಞೆಯ ಏರಿಳಿತದಿಂದ ಉಪಗ್ರಹದ ಕಕ್ಷೆಯನ್ನು ಲೆಕ್ಕಹಾಕಿದರು. ಕಕ್ಷೆ ತಿಳಿದಿದ್ದರೆ ನೆಲದ ಮೇಲಿನ ಸ್ಥಾನವನ್ನು ಲೆಕ್ಕಹಾಕಬಹುದೆಂಬುದು ಅದರಿಂದ ಹೊಳೆಯಿತು. ಅಮೆರಿಕದ ಸೈನ್ಯದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ 1978ರ ಫೆಬ್ರವರಿಯಲ್ಲಿ ಮೇಲೇರಿತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿದ ಕೊರಿಯದ ವಿಮಾನವೊಂದನ್ನು ಸೋವಿಯತ್ ಸೈನ್ಯವು ಹೊಡೆದುರುಳಿಸಿದ ಮೇಲೆ, ಈ ವ್ಯವಸ್ಥೆಯು ನಾಗರಿಕರಿಗೂ ದೊರೆಯುವುದೆಂದು ಅಧ್ಯಕ್ಷ ರೇಗನ್ ಘೋಷಿಸಿದರು. 1995ರಲ್ಲಿ ಅದು ಪೂರ್ಣವಾಗಿ ಸಿದ್ಧವಾಯಿತು. ಆದರೂ ಸಾರ್ವಜನಿಕರಿಗೆ ಬರುವ ಸಂಜ್ಞೆಯಲ್ಲಿ ಸೈನ್ಯವು ಬುದ್ಧಿಪೂರ್ವಕವಾಗಿ ದೋಷವನ್ನು ಬೆರೆಸುತ್ತಿದ್ದುದರಿಂದ ಸುಮಾರು 100 ಮೀಟರ್ ವ್ಯತ್ಯಾಸ ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಹಡಗಿಗೆ 100 ಮೀಟರ್ ಏನೂ ಅಲ್ಲ. ಕಣ್ಣಿಗೆ ಹತ್ತು ಮಾರು ಕಾಣದ ಹಿಮಪಾತದಲ್ಲಿ ತನ್ನ ಗುಡಾರವನ್ನು ಹುಡುಕುವ ಸವಾರನಿಗೆ ಅದು ಸಾವು ಬದುಕಿನ ಅಂತರ. (ನಮ್ಮ ರಾಜ್ಯದ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾದ ಇಸ್ರೋ ಪಥದರ್ಶನ ಕೇಂದ್ರವು ಇದೇ ಬಗೆಯ ಭಾರತೀಯ ವ್ಯವಸ್ಥೆಗೆ ಸೇರಿದುದು. ಅದು ನಮ್ಮ ದೇಶ ಮತ್ತು ಸುತ್ತಣ ಪ್ರದೇಶಕ್ಕೆ ಮಾತ್ರ ಮೀಸಲು, ಧ್ರುವಪ್ರದೇಶವನ್ನು ಮುಟ್ಟುವುದಿಲ್ಲ.)

ಇಗ್ಲೂಲಿಕ್ ಬೇಟೆಗಾರರು ಜಿಪಿಎಸ್ ಯಂತ್ರವನ್ನು 1990ರ ದಶಕದ ನಡುವಿನಿಂದ ಕೈಗೆತ್ತಿಕೊಂಡರು. ಮೊದಲು ಅದರ ಉಪಯೋಗವನ್ನು ಕಂಡುಕೊಂಡವರಲ್ಲಿ ದೋಣಿಗಳಲ್ಲಿ ವಾಲ್ರಸ್ ಬೇಟೆಗೆ ಹೋಗುವವರು ಸೇರಿದ್ದರು; ಬೇಸಗೆಯ ಮಂಜಿನಲ್ಲಿ ತೀರ ಕಾಣದಿದ್ದಾಗ ಅದು ನೆರವಾಗುತ್ತಿತ್ತು. ಅನಂತರ ಹಿಮವಾಹನದ ಸವಾರರೂ ಅದನ್ನು ಕೊಂಡೊಯ್ಯತೊಡಗಿದರು. ಅಪೋರ್ಟಾ ಮತ್ತು ಎರಿಕ್ ಹಿಗ್ಸ್ ಇಬ್ಬರೂ ಸೇರಿ 2005ರಲ್ಲಿ ‘ಕರೆಂಟ್ ಆಂತ್ರೊಪಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಬದಲಾವಣೆಯನ್ನು ವಿವರವಾಗಿ ಚರ್ಚಿಸಿತು. ಉಪಕರಣವು ಕೆಲಸವನ್ನು ಹಗುರ ಮಾಡಿದಷ್ಟೂ ಮನುಷ್ಯನನ್ನು ಸುತ್ತಣ ಭೂಮಿಯಿಂದ ಬೇರ್ಪಡಿಸುತ್ತದೆಂಬುದು ಅವರ ಮುಖ್ಯ ಆತಂಕ. ಆ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಮೇಲೆ ಹೇಳಿದ ಕಾಲಕ್ರಮವನ್ನು ನೋಡಿದರೆ, ಜಿಪಿಎಸ್ ಬಂದುದು ತುಂಬಿದ ಮನೆಗಲ್ಲ. ಹಿಮವಾಹನವೂ ನೆಲೆಯೂರಿದ ಬದುಕೂ ಈಗಾಗಲೇ ಬರಿದುಮಾಡಿದ್ದ ಜಾಗಕ್ಕೆ. ತಂದೆಯಿಂದ ಕಲಿಯುವ ಅವಕಾಶ ದೊರೆಯದ ಯುವಕನಿಗೆ ಅದು ಭೂಮಿಗೆ ಹಿಂತಿರುಗುವ ಒಂದು ಬಾಗಿಲೂ ಆಯಿತೆಂಬುದನ್ನು ಮರೆಯಲಾಗದು.

ಅಪಾಯವಿರುವುದು ಯಂತ್ರದ ಸರಳರೇಖೆಯಲ್ಲಿ. ಗುರಿಯನ್ನು ಹೇಳಿದೊಡನೆ ಅದು ಬಾಣವನ್ನು ತೋರಿಸುತ್ತದೆ; ಆ ಬಾಣವು ಕಡಿದಾದ ಬಂಡೆಯ ಮೇಲೆಯೋ, ಪ್ರವಾಹದ ದೆಸೆಯಿಂದ ಮಂಜುಗಡ್ಡೆ ಎಂದಿಗೂ ಗಟ್ಟಿಯಾಗದ ಇಕ್ಕಟ್ಟಿನ ಮೇಲೆಯೋ ಹಾದುಹೋಗಬಹುದು. ಹಳೆಯ ಜಾಡು ಸುತ್ತಿಬಳಸಿ ಹೋಗುತ್ತಿದ್ದುದಕ್ಕೆ ಕಾರಣವಿತ್ತು. ಅದರ ಪ್ರತಿಯೊಂದು ತಿರುವಿನಲ್ಲಿ ಯಾರೋ ಕಂಡ ಅಪಾಯದ ನೆನಪು ಅಡಗಿದ್ದಿತು. ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದುದು. ಯಂತ್ರವು ಹೇಳುವ ಅಕ್ಷಾಂಶ ರೇಖಾಂಶಗಳು ಭೂಗೋಳಕ್ಕೆ ಸೇರಿದುವು, ಮಂಜುಗಡ್ಡೆಗಲ್ಲ. ತೀರಕ್ಕೆ ಅಂಟಿಕೊಂಡ ಗಡ್ಡೆಯ ಅಂಚನ್ನು ದಾಟಿ ಚಲಿಸುವ ಗಡ್ಡೆಯ ಮೇಲೆ ಬೇಟೆಗೆ ಹೋದವನ ಕೆಳಗೆ ನೆಲವೇ ಸರಿಯುತ್ತಿರುತ್ತದೆ. ತಾನು ತೇಲಿಹೋಗುತ್ತಿದ್ದೇನೆಂಬುದನ್ನು ಅಂಕಿಗಳು ತಿಳಿಸುತ್ತವೆ, ಅಷ್ಟು ಉಪಕಾರ ನಿಜ. ಗಡ್ಡೆ ಮತ್ತೆ ಯಾವಾಗ, ಎಲ್ಲಿ ತೀರವನ್ನು ಮುಟ್ಟುವುದೆಂಬುದನ್ನು ಚಂದ್ರನನ್ನೂ ಗಾಳಿಯನ್ನೂ ಬಲ್ಲವನೇ ಹೇಳಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದು, ಪರದೆ ಜಡವಾಗುವುದು ಇವು ಚಿಕ್ಕ ತೊಂದರೆಗಳು; ಅದಕ್ಕಾಗಿ ಯಂತ್ರವನ್ನು ಅಂಗಿಯೊಳಗೆ ಇಟ್ಟುಕೊಳ್ಳುವುದನ್ನು ಎಲ್ಲರೂ ಬೇಗ ಕಲಿತರು.

ಹಾಗೆಂದು ಹಳೆಯ ಗುರುತುಗಳೇ ಸಾಕೆಂದು ವಾದಿಸುವಂತೆಯೂ ಇಲ್ಲ. ಗಾಳಿಯ ರೀತಿ ಬದಲಾಗುತ್ತಿದೆ, ಹಿಮದ ದಿಣ್ಣೆಗಳು ಹಿಂದಿನಂತೆ ನಂಬಿಕೆಗೆ ಅರ್ಹವಾಗಿಲ್ಲ, ಮಂಜುಗಡ್ಡೆ ತಡವಾಗಿ ಕಟ್ಟಿ ಬೇಗ ಒಡೆಯುತ್ತಿದೆ ಎಂದು ಹಿರಿಯರೇ ಹೇಳುತ್ತಿದ್ದಾರೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ನೆನಪಿಗೂ ಯಂತ್ರಕ್ಕೂ ಒಂದೇ ಪರೀಕ್ಷೆ ಒದಗಿದೆ.

ದಕ್ಷಿಣದ ಒಂಟೇರಿಯೊ ಮತ್ತು ಕ್ವಿಬೆಕ್ ಪ್ರಾಂತಗಳ ಜಾಡುಗಳ ಕಥೆ ಬೇರೆ. ಅಲ್ಲಿ ಹಿಮವಾಹನವು ವಿನೋದದ ಸಾಧನ. ಜಾಡುಗಳನ್ನು ಕ್ಲಬ್ಬುಗಳು ಯಂತ್ರಗಳಿಂದ ಹಿಮವನ್ನು ಸಮಮಾಡಿ ಸಿದ್ಧಪಡಿಸುತ್ತವೆ. ಅವು ಬಹುಮಟ್ಟಿಗೆ ಖಾಸಗಿ ಜಮೀನಿನ ಮೇಲೆ, ಒಡೆಯರ ಅನುಮತಿಯಿಂದ ಹಾದುಹೋಗುವುದರಿಂದ, ಒಬ್ಬನು ಅನುಮತಿಯನ್ನು ಹಿಂತೆಗೆದುಕೊಂಡರೆ ಜಾಡು ಬದಲಾಗುತ್ತದೆ, ಕಳೆದ ವರ್ಷದ ಭೂಪಟ ಸುಳ್ಳಾಗುತ್ತದೆ. ಮುದ್ರಿತ ಭೂಪಟಕ್ಕಿಂತ ಜಿಪಿಎಸ್ ಭೂಪಟ ಇಲ್ಲಿ ಮೇಲಾದುದು ಈ ಕಾರಣದಿಂದಲೇ: ಒಂಟೇರಿಯೊದ ಒಕ್ಕೂಟವು ತನ್ನ ಭೂಪಟದಲ್ಲಿ ತೆರೆದ ಜಾಡನ್ನು ಹಸಿರಿನಿಂದಲೂ, ಎಚ್ಚರಿಕೆಯಿಂದ ಹೋಗಬೇಕಾದುದನ್ನು ಹಳದಿಯಿಂದಲೂ, ಮುಚ್ಚಿದುದನ್ನು ಕೆಂಪಿನಿಂದಲೂ ತೋರಿಸುತ್ತದೆ. ದಕ್ಷಿಣದ ಭೂಪಟವು ಮುಖ್ಯವಾಗಿ ಅನುಮತಿಯ ದಾಖಲೆ. ಉತ್ತರದ ಭೂಪಟವು ವಾಸದ ದಾಖಲೆ.

ವಾಸದ ದಾಖಲೆಯೆಂಬ ಮಾತು ಅಲಂಕಾರಕ್ಕೆ ಹೇಳಿದುದಲ್ಲ. 1976ರಲ್ಲಿ ಪ್ರಕಟವಾದ ಇನುಯಿಟ್ ಭೂಬಳಕೆಯ ಮಹಾಸಮೀಕ್ಷೆಯಲ್ಲಿ ಬೇಟೆಗಾರರು ತಾವು ಜೀವಮಾನದಲ್ಲಿ ಓಡಾಡಿದ ಪ್ರದೇಶವನ್ನು ಭೂಪಟದ ಮೇಲೆ ಗುರುತಿಸಿದ್ದರು. ಅಂಥ ಆಧಾರಗಳ ಬಲದಿಂದ ನಡೆದ ಸಂಧಾನವು 1993ರ ಒಪ್ಪಂದದಲ್ಲಿ ಮುಗಿದು, 1999ರ ಏಪ್ರಿಲ್ 1ರಂದು ನೂನವುತ್ ಪ್ರಾಂತವು ಅಸ್ತಿತ್ವಕ್ಕೆ ಬಂದಿತು. ಅಪೋರ್ಟಾ, ಮೈಕೆಲ್ ಬ್ರಾವೊ ಮತ್ತು ಫ್ರೇಸರ್ ಟೇಲರ್ ಅವರು 2014ರಲ್ಲಿ ಹೊರತಂದ ಸರ್ವ ಇನುಯಿಟ್ ಜಾಡುಗಳ ಭೂಪಟಸಂಪುಟವು ಹಿಂದಿನ ಯಾತ್ರಿಕರ ನಕ್ಷೆಗಳಲ್ಲಿ ಚದುರಿದ್ದ ಜಾಡುಗಳನ್ನು ಒಂದೆಡೆ ಕೂಡಿಸಿ, ವಾಯವ್ಯ ಜಲಮಾರ್ಗದ ಉದ್ದಕ್ಕೂ ಜನರ ಸಂಚಾರ ಎಷ್ಟು ನಿಬಿಡವಾಗಿತ್ತೆಂಬುದನ್ನು ತೋರಿಸಿತು. ಆ ಸಮುದ್ರವು ಬರಿಯ ಹಡಗಿನ ದಾರಿಯೆಂದು ವಾದಿಸುವವರಿಗೆ ಈ ಭೂಪಟ ಅನುಕೂಲವಾದುದಲ್ಲ.

ಆದರೆ ಜಾಡನ್ನು ದಾಖಲಿಸಿದ ಮೇಲೆ ಅದು ಯಾರ ಸ್ವತ್ತು? ಬೇಟೆಯ ಸ್ಥಳವನ್ನು ಎಲ್ಲರಿಗೂ ಕಾಣುವ ಭೂಪಟದಲ್ಲಿ ಹಾಕಿದರೆ ಗಣಿಯವನೂ ವಿನೋದದ ಸವಾರನೂ ಅದನ್ನು ನೋಡುತ್ತಾನೆ. ಇಲಿಗ್ಲಿಯುಕ್ ಎಳೆದ ರೇಖೆ ಆಕೆಯ ಕೈಬಿಟ್ಟುಹೋದ ಮೇಲೆ ಏನಾಯಿತೆಂಬುದನ್ನು ಮೇಲೆ ನೋಡಿದ್ದೇವೆ. 2019ರಲ್ಲಿ ಆರಂಭವಾದ ‘ಸಿಕು’ ಎಂಬ ಸಾಧನದಲ್ಲಿ (ಆ ಮಾತಿಗೆ ಸಮುದ್ರದ ಮಂಜುಗಡ್ಡೆಯೆಂದು ಅರ್ಥ) ತಾನು ದಾಖಲಿಸಿದ ಜಾಡಿನ ಒಡೆತನವನ್ನು ಬೇಟೆಗಾರನೇ ಉಳಿಸಿಕೊಳ್ಳುತ್ತಾನೆ. ಯಾರಿಗೆ ತೋರಿಸಬೇಕೆಂಬುದನ್ನೂ ಅವನೇ ನಿಶ್ಚಯಿಸುತ್ತಾನೆ. ಲ್ಯಾಬ್ರಡಾರ್ ತೀರದ ನೈನ್ ಗ್ರಾಮದಲ್ಲಿ ಮೊದಲಾದ ‘ಸ್ಮಾರ್ಟ್‌ಐಸ್’ ಎಂಬ ಕಾರ್ಯಕ್ರಮದಲ್ಲಿ ಹಿಮವಾಹನದ ಹಿಂದೆ ಕಟ್ಟಿದ ಜಾರುಬಂಡಿಯ ಮೇಲೆ ಮಂಜುಗಡ್ಡೆಯ ದಪ್ಪವನ್ನು ಅಳೆಯುವ ಉಪಕರಣವನ್ನು ಇಟ್ಟು, ಊರಿನವರೇ ಜಾಡಿನುದ್ದಕ್ಕೂ ಎಳೆದುಕೊಂಡು ಹೋಗುತ್ತಾರೆ. ಯಾವ ಜಾಡನ್ನು ಅಳೆಯಬೇಕು, ಯಾವುದನ್ನು ಬಿಡಬೇಕೆಂಬುದನ್ನು ತೀರ್ಮಾನಿಸುವುದು ಆಯಾ ಊರಿನ ಸಮಿತಿ. ಮಂಜುಗಡ್ಡೆಯನ್ನು ಬಲ್ಲ ಬೇಟೆಗಾರರು ಅದರಲ್ಲಿ ಕುಳಿತಿರುತ್ತಾರೆ.